ಒಂದು ರಾತ್ರಿಯ ವಾಸ, ಒಂದು ಹಳ್ಳದ ನೀರು

ಐಷಾರಾಮಿ ರೆಸಾರ್ಟುಗಳ ಜಾಹೀರಾತುಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅಲ್ಲಿ ಮಂಜು ಮುಸುಕಿದ ಬೆಟ್ಟವಿರುತ್ತದೆ, ಬೆಟ್ಟದ ಬುಡದಲ್ಲಿ ಕತ್ತರಿಸಿ ಹಾಸಿದಂಥ ಹಸಿರು ಹುಲ್ಲಿರುತ್ತದೆ, ಗಾಜಿನ ಗೋಡೆಯ ಒಳಗೆ ಅಂಗಮರ್ದನದ ಕೋಣೆ, ಹೊರಗೆ ನೀಲಿ ಈಜುಕೊಳ. ಆದರೆ ಆ ಬೆಟ್ಟದ ಮನುಷ್ಯರು ಮಾತ್ರ ಇರುವುದಿಲ್ಲ. ಕೊನೆ ಕೊಯ್ಯುವವನಿಲ್ಲ, ಸೊಪ್ಪಿನ ಹೊರೆ ಹೊತ್ತವಳಿಲ್ಲ, ಕಂಬಳಿಕೊಪ್ಪೆ ಹೊದ್ದು ಸಸಿ ನೆಡುವವರ ಸಾಲಿಲ್ಲ. ಶತಮಾನಗಳ ಕಾಲ ಈ ನೆಲವನ್ನು ದುಡಿದು, ಕಾನನ್ನು ಕಾದು, ಹಳ್ಳದ ನೀರನ್ನು ಸರದಿಯ ಮೇಲೆ ಹಂಚಿಕೊಂಡು ಬದುಕಿದವರನ್ನು ಚಿತ್ರದಿಂದ ಮೊದಲು ಅಳಿಸಲಾಗುತ್ತದೆ. ನೆಲದಿಂದ ಅಳಿಸುವ ಕೆಲಸ ಅನಂತರ ನಡೆಯುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕಾಫಿಗುಡ್ಡಗಳಲ್ಲಿ ಮತ್ತು ಕೊಡಗಿನಲ್ಲಿ ಕಳೆದ ಎರಡು ದಶಕಗಳಲ್ಲಿ ರೆಸಾರ್ಟು ಸಂಸ್ಕೃತಿ ಬೆಳೆದ ಬಗೆ ಎಲ್ಲರ ಕಣ್ಣೆದುರಿಗಿದೆ. ಚಿಕ್ಕಮಗಳೂರು ನಗರದ ಬಳಿಯಲ್ಲಿ, ಮಡಿಕೇರಿಯಲ್ಲಿ, ವಿರಾಜಪೇಟೆ ಸಮೀಪದ ಬಿಟ್ಟಂಗಾಲದಲ್ಲಿ ಗಾಲ್ಫ್ ಮೈದಾನಗಳಿವೆ. ನಂದಿಬೆಟ್ಟದ ತಪ್ಪಲಿನಲ್ಲಿ ಗಾಲ್ಫ್ ಮೈದಾನದ ಸುತ್ತ ಬಂಗಲೆಗಳೂ ಹೋಟೆಲೂ ಎದ್ದು ನಿಂತಿವೆ. ಹುಲ್ಲುಹಾಸಿನ ಮೇಲೆ ಆಟ, ಆಟ ಮುಗಿದ ಮೇಲೆ ಸ್ಪಾ, ಸ್ಪಾ ಮುಗಿದ ಮೇಲೆ ಬೆಟ್ಟ ನೋಡುತ್ತ ಊಟ: ಇದು ಜಗತ್ತಿನಾದ್ಯಂತ ಒಂದೇ ಅಚ್ಚಿನಲ್ಲಿ ತಯಾರಾಗುವ ಸರಕು. ಈ ಸರಕಿಗೆ ಬೇಕಾದದ್ದು ಮೂರು: ಅಗಲವಾದ ನೆಲ, ಬೇಸಿಗೆಯಲ್ಲಿಯೂ ಬತ್ತದ ನೀರು, ಕಣ್ಣಿಗೆ ತಂಪಾದ ಬೆಟ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮೂರೂ ಇವೆಯೆಂದು ಹಣವಂತರು ಭಾವಿಸಿದರೆ ಅಚ್ಚರಿಯಿಲ್ಲ. ಇಂಥದೊಂದು ಪ್ರಸ್ತಾವ ಪಂಚಾಯಿತಿಯ ಬಾಗಿಲಿಗೆ ಬಂದ ದಿನ ಲೆಕ್ಕ ಹಾಕಲು ಕೂತರೆ ತಡವಾಗುತ್ತದೆ. ಆದ್ದರಿಂದ ಲೆಕ್ಕವನ್ನು ಈಗಲೇ ಹಾಕುವುದು ಒಳಿತು.

ಆಟ ಹುಟ್ಟಿದ ನೆಲ ಬೇರೆ

ಗಾಲ್ಫ್ ಹುಟ್ಟಿದ್ದು ಸ್ಕಾಟ್ಲೆಂಡಿನ ಕಡಲತೀರದಲ್ಲಿ. ಬೇಸಾಯಕ್ಕೆ ಒದಗದ ಮರಳುದಿಬ್ಬಗಳು, ವರ್ಷವಿಡೀ ಜಿನುಗುವ ಮಳೆ, ತಂಪು ಹವೆ, ಹುಲ್ಲನ್ನು ಕಚ್ಚಿ ಕಚ್ಚಿ ಗಿಡ್ಡವಾಗಿರಿಸುವ ಕುರಿಗಳು: ಇವೆಲ್ಲ ಸೇರಿ ಅಲ್ಲಿನ ನೆಲವೇ ಆಟವನ್ನು ಹುಟ್ಟಿಸಿತು. ಅಲ್ಲಿ ನೆಲಕ್ಕೆ ತಕ್ಕ ಆಟ. ಮಲೆನಾಡಿನಲ್ಲಿ ಆಟಕ್ಕೆ ತಕ್ಕ ನೆಲವನ್ನು ಹೊಸದಾಗಿ ತಯಾರಿಸಬೇಕು. ದಿಬ್ಬ ಕಡಿಯಬೇಕು, ಕಣಿವೆ ತುಂಬಬೇಕು, ಗದ್ದೆಯ ಬದು ಒಡೆಯಬೇಕು, ಹಕ್ಕಲಿನ ಮರ ಉರುಳಿಸಬೇಕು, ಒರತೆಯ ಬಾಯಿಗೆ ಕೊಳವೆ ತುರುಕಬೇಕು.

ಬ್ರಿಟಿಷರು ಈ ಆಟವನ್ನು ಭಾರತಕ್ಕೆ ತಂದು ಒಂದೂವರೆ ಶತಮಾನಕ್ಕೂ ಹೆಚ್ಚಾಯಿತು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಆದರೆ ನೀರು ಸಾಲದ ಕಡೆಗಳ ಹಳೆಯ ಕ್ಲಬ್ಬುಗಳಲ್ಲಿ ಚೆಂಡು ಉರುಳುವ ಕುಳಿಯ ಸುತ್ತ ಹುಲ್ಲಿನ ಬದಲು ಮರಳನ್ನು ತಟ್ಟಿ ಸಮಮಾಡಿಕೊಂಡು ಆಡುವ ರೂಢಿಯಿತ್ತು. ಅದನ್ನು ‘ಬ್ರೌನ್’ ಎಂದೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಮೈದಾನ ಕಂದುಬಣ್ಣಕ್ಕೆ ತಿರುಗಿದರೆ ಯಾರೂ ಕಂಗೆಡುತ್ತಿರಲಿಲ್ಲ. ಅಂದರೆ ಏಪ್ರಿಲ್ ತಿಂಗಳಿನಲ್ಲಿಯೂ ಹಚ್ಚಗಿರುವ ಹುಲ್ಲು ಆಟಕ್ಕೆ ಬೇಕಾದದ್ದಲ್ಲ, ಜಾಹೀರಾತಿನ ಛಾಯಾಚಿತ್ರಕ್ಕೆ ಬೇಕಾದದ್ದು. ಕೋಣೆಯ ಬಾಡಿಗೆ ನಿರ್ಧಾರವಾಗುವುದು ಆ ಚಿತ್ರದಿಂದ. ಹಳ್ಳ ಬತ್ತುವುದೂ ಆ ಚಿತ್ರದಿಂದಲೇ.

ಹದಿನೆಂಟು ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ 50ರಿಂದ 60 ಹೆಕ್ಟೇರ್, ಅಂದರೆ 125ರಿಂದ 150 ಎಕರೆ ನೆಲ ಬೇಕು. ಇದು ಮೈದಾನಕ್ಕೆ ಮಾತ್ರ. ವಸತಿ, ರಸ್ತೆ, ವಾಹನ ನಿಲುಗಡೆ ಬೇರೆ. ತಲೆಗೆ ಎರಡೆಕರೆ ತೋಟ, ಗದ್ದೆ ಇಟ್ಟುಕೊಂಡು ಸಂಸಾರ ತೂಗಿಸುವ ರೈತರೇ ಹೆಚ್ಚಾಗಿರುವ ಮಲೆನಾಡಿನಲ್ಲಿ ಇಷ್ಟು ನೆಲವೆಂದರೆ ಅರುವತ್ತು, ಎಪ್ಪತ್ತು ಕುಟುಂಬಗಳ ಜೀವನ.

ಗರಿಕೆಗೆ ಬಂದ ಗತಿ

ಉಷ್ಣವಲಯದ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಪರದೇಶದ ಅಪರೂಪದ ಸಸ್ಯವೇನಲ್ಲ. ಅದು ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ. ಗದ್ದೆಯ ಬದುವಿನಲ್ಲಿ, ಅಂಗಳದ ಅಂಚಿನಲ್ಲಿ ಯಾರ ಹಂಗೂ ಇಲ್ಲದೆ ಹಬ್ಬುವ, ಬೇಸಿಗೆಯಲ್ಲಿ ಒಣಗಿದಂತೆ ಕಂಡು ಮೊದಲ ಮಳೆಗೆ ಚಿಗುರುವ ಆ ಗರಿಕೆಗೆ ಗೊಬ್ಬರ, ವಿಷ ಯಾವುದೂ ಬೇಕಾಗಿಲ್ಲ. ಹಾಗಾದರೆ ಮೈದಾನದ ಗರಿಕೆಗೆ ಏಕೆ ಬೇಕು?

ಕಾರಣ ಸರಳವಾಗಿದೆ. ಚೆಂಡು ನುಣ್ಣಗೆ ಉರುಳಬೇಕಾದ ಜಾಗದಲ್ಲಿ ತಳಿಸಂಕರದಿಂದ ಪಡೆದ ಕುಬ್ಜ ಗರಿಕೆಯನ್ನು ಬೆಳೆಸಿ, ಯಂತ್ರದಿಂದ ಹೆಚ್ಚುಕಡಿಮೆ ದಿನವೂ 3-4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಸಸ್ಯದ ಅಡುಗೆಮನೆ ಎಲೆ. ಎಲೆಯನ್ನು ಹೀಗೆ ಬುಡದವರೆಗೆ ಕತ್ತರಿಸಿದರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಬೇರು ಆಳಕ್ಕಿಳಿಯದ ಹುಲ್ಲು ಒಂದು ದಿನ ನೀರು ತಪ್ಪಿದರೂ ಬಾಡುತ್ತದೆ, ಮೇಲಿಂದ ಮೇಲೆ ಸಾರಜನಕ ಬೇಡುತ್ತದೆ, ಶಕ್ತಿಗುಂದಿ ಶಿಲೀಂಧ್ರಕ್ಕೆ ಸುಲಭವಾಗಿ ತುತ್ತಾಗುತ್ತದೆ. ಯಾರಿಗೂ ಬೇಡವಾದ ಎಲೆಯೊಂದು ನಡುವೆ ತಲೆಯೆತ್ತಿದರೆ ಅದಕ್ಕೆ ಕಳೆನಾಶಕ. ಎರೆಹುಳು ಮಣ್ಣುಗುಪ್ಪೆ ಎಬ್ಬಿಸಿದರೆ ಮೈದಾನದ ಮೇಲ್ವಿಚಾರಕನಿಗೆ ಅದೂ ಉಪದ್ರವವೇ. ರೈತನ ಮಿತ್ರನೆಂದು ಶಾಲೆಯ ಪಾಠದಲ್ಲಿ ಓದಿದ ಜೀವಿ ಅಲ್ಲಿ ಶತ್ರು.

ಮಲೆನಾಡಿನ ಮಳೆಗಾಲದಲ್ಲಿ ಇದರ ಅರ್ಥವೇನೆಂಬುದನ್ನು ಅಡಿಕೆ ಬೆಳೆಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ತೇವದಲ್ಲಿ ಅಡಿಕೆಗೆ ಕೊಳೆರೋಗ ತರುವ ಶಿಲೀಂಧ್ರದ ಹತ್ತಿರದ ಬಂಧುವೇ ಹುಲ್ಲುಹಾಸನ್ನು ಕೊಳೆಸುವ ಪೈಥಿಯಮ್. ಅದನ್ನು ತಡೆಯಲು ಸಿಂಪಡಿಸಿದ ಔಷಧ ಎಷ್ಟು ಹೊತ್ತು ಹುಲ್ಲಿನ ಮೇಲೆ ನಿಲ್ಲುತ್ತದೆ? ಶೃಂಗೇರಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದಲ್ಲದೆ ಈ ಹುಲ್ಲನ್ನು ಮಣ್ಣಿನ ಮೇಲೆ ಬೆಳೆಸುವುದೂ ಇಲ್ಲ. ನೀರು ಬೇಗ ಬಸಿಯಲೆಂದು ತಳದಲ್ಲಿ ಬಸಿಗೊಳವೆ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಸುಮಾರು 30 ಸೆಂಟಿಮೀಟರ್ ದಪ್ಪದ ಮರಳಿನ ಹಾಸು ಹಾಕುತ್ತಾರೆ. ಗೊಬ್ಬರವನ್ನೂ ವಿಷವನ್ನೂ ಹಿಡಿದಿಡುವ ಜೇಡಿಯಾಗಲಿ ಹ್ಯೂಮಸ್ ಆಗಲಿ ಅಲ್ಲಿ ಹೆಚ್ಚಿರುವುದಿಲ್ಲ. ಮೇಲೆ ಹಾಕಿದ್ದು ಕೆಳಗಿನ ಕೊಳವೆಯ ಮೂಲಕ ನೇರ ಹಳ್ಳಕ್ಕೆ.

ಆ ಮರಳು ಎಲ್ಲಿಂದ ಬರಬೇಕು? ಒಂದು ಕುಳಿಯ ಸುತ್ತ 500 ಚದರ ಮೀಟರ್ ಎಂದಿಟ್ಟುಕೊಂಡರೂ ಹದಿನೆಂಟಕ್ಕೆ 2,700 ಘನಮೀಟರ್ ಮರಳು ಬೇಕು. ಲಾರಿಗೆ 9 ಘನಮೀಟರಿನಂತೆ 300 ಲೋಡು. ಮನೆಯ ಪಾಯಕ್ಕೆ ಒಂದು ಲೋಡು ಮರಳಿಗಾಗಿ ತಿಂಗಳುಗಟ್ಟಲೆ ಅಲೆಯುವ ಬಡವನ ಎದುರಿನಲ್ಲಿ, ತುಂಗೆ ಭದ್ರೆಯರ ಒಡಲಿನಿಂದ ಚೆಂಡಾಟಕ್ಕಾಗಿ ಮುನ್ನೂರು ಲೋಡು!

ಹನ್ನೆರಡು ಲಕ್ಷ ಲೀಟರು

“ಮಲೆನಾಡಿನಲ್ಲಿ ನೀರಿಗೇನು ಬರ?” ಎಂಬ ಪ್ರಶ್ನೆ ಬಯಲುಸೀಮೆಯವರ ಬಾಯಿಂದ ಸದಾ ಬರುತ್ತದೆ. ಬಹುಪಾಲು ಮಳೆ ನಾಲ್ಕು ತಿಂಗಳಿನಲ್ಲಿ ಸುರಿದು ಹೋಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಇಳಿಜಾರಿನ ಜಂಬಿಟ್ಟಿಗೆ ನೆಲ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ಫೆಬ್ರವರಿಯಿಂದ ಮೇ ತನಕ ಹಳ್ಳದಲ್ಲಿ ಹರಿಯುವುದು ಕಾನು ಮತ್ತು ಶೋಲೆಗಳು ಬೇರಿನಡಿ ಕೂಡಿಟ್ಟು ಹನಿಹನಿಯಾಗಿ ಬಿಡುವ ನೀರು. ನಾಡಿನಲ್ಲಿ ಮಳೆ ಕೈಕೊಟ್ಟಾಗ ಜನ ಕಿಗ್ಗದ ಋಷ್ಯಶೃಂಗೇಶ್ವರನ ಮೊರೆ ಹೋಗುತ್ತಾರೆ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಆ ಪಟ್ಟಿಯಲ್ಲಿ ಮಲೆನಾಡಿನ ತಾಲ್ಲೂಕುಗಳೂ ಇದ್ದವು.

ಈಗ ಬೇಸಿಗೆಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಹಾಕಿ ನೋಡಬಹುದು. ಬಿಸಿಲುಗಾಲದಲ್ಲಿ ಹಸಿರಾಗಿ ಉಳಿಯಬೇಕಾದ ಹುಲ್ಲುನೆಲದಿಂದ ದಿನಕ್ಕೆ ಸುಮಾರು 4 ಮಿ.ಮೀ. ನೀರು ಆವಿಯಾಗುತ್ತದೆ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ನೀರೆಂದರೆ 10 ಸಾವಿರ ಲೀಟರ್. 55 ಹೆಕ್ಟೇರ್ ಮೈದಾನದಲ್ಲಿ 30 ಹೆಕ್ಟೇರಿಗೆ ಮಾತ್ರ ನೀರುಣಿಸುತ್ತಾರೆಂದು ಮಿತವಾಗಿ ಹಿಡಿದರೂ ದಿನಕ್ಕೆ 12 ಲಕ್ಷ ಲೀಟರ್ ಬೇಕು. ಜಲಜೀವನ್ ಮಿಷನ್ ಹಳ್ಳಿಗರಿಗೆ ನಿಗದಿಪಡಿಸಿದ್ದು ತಲೆಗೆ ದಿನಕ್ಕೆ 55 ಲೀಟರ್. ಆ ಲೆಕ್ಕದಲ್ಲಿ ಈ ಹುಲ್ಲಿನ ಪಾಲು 21 ಸಾವಿರಕ್ಕೂ ಹೆಚ್ಚು ಜನರ ಪಾಲು. ಇಡೀ ಶೃಂಗೇರಿ ತಾಲ್ಲೂಕಿನ ಜನಸಂಖ್ಯೆ 2011ರ ಜನಗಣತಿಯಲ್ಲಿ 40 ಸಾವಿರವನ್ನು ಮುಟ್ಟಿರಲಿಲ್ಲ!

ರೆಸಾರ್ಟಿನಲ್ಲಿ ಅರುವತ್ತು ಕೋಣೆಗಳಿದ್ದು ಎಲ್ಲವೂ ತುಂಬಿವೆಯೆನ್ನೋಣ. ಆಗ 120 ಅತಿಥಿಗಳಿರುತ್ತಾರೆ. ಹುಲ್ಲಿನ ನೀರನ್ನು ಅವರ ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ 10 ಸಾವಿರ ಲೀಟರ್. ಒಬ್ಬ ಅತಿಥಿ ಒಂದು ದಿನ ತಂಗಿದರೆ, ಅವನು ಸ್ನಾನಕ್ಕೆ ಕೊಳಾಯಿ ತಿರುಗಿಸುವ ಮೊದಲೇ, ಸುಮಾರು 180 ಹಳ್ಳಿಗರ ಒಂದು ದಿನದ ನೀರು ಖರ್ಚಾಗಿರುತ್ತದೆ. ಕೋಣೆಯ ಬಾಡಿಗೆಯ ರಸೀದಿಯಲ್ಲಿ ಈ ಬಾಬತ್ತು ನಮೂದಾಗುವುದಿಲ್ಲ. ಅದನ್ನು ಪಾವತಿ ಮಾಡುವುದು ಹಳ್ಳದ ಕೆಳಗಿನ ಕೇರಿ.

“ಬಳಸಿದ ನೀರನ್ನೇ ಶುದ್ಧೀಕರಿಸಿ ಹುಲ್ಲಿಗೆ ಬಿಡುತ್ತೇವೆ” ಎಂಬುದು ಇಂಥ ಯೋಜನೆಗಳವರ ಸಿದ್ಧ ಉತ್ತರ. ಅತಿಥಿಯೊಬ್ಬ ದಿನಕ್ಕೆ 300 ಲೀಟರ್ ಬಳಸಿ, ಅಷ್ಟನ್ನೂ ಒಂದು ಹನಿ ಸೋರದಂತೆ ಹಿಂದಕ್ಕೆ ಪಡೆದರೂ ಸಿಗುವುದು 36 ಸಾವಿರ ಲೀಟರ್. ಬೇಕಾದದ್ದು 12 ಲಕ್ಷ. ನೂರಕ್ಕೆ ಮೂರು ಪಾಲು! ಉಳಿದ ತೊಂಬತ್ತೇಳು ಪಾಲಿನ ಮೂಲ ಯಾವುದೆಂದು ಕೇಳಿದರೆ ಉತ್ತರ ಕೊಳವೆಬಾವಿಗೋ ಹೊಳೆಗೋ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಅಡಿಕೆ ತೋಟವೂ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಮರಕ್ಕೆ ನಾಲ್ಕೈದು ದಿನಕ್ಕೊಮ್ಮೆ 200 ಲೀಟರಿನಂತೆ ಕೊಟ್ಟರೆ ಹೆಕ್ಟೇರಿನ ಲೆಕ್ಕದಲ್ಲಿ ಅದು ಹುಲ್ಲುಹಾಸಿಗಿಂತ ಕಡಿಮೆಯಾಗದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ, ಆ ತಾಮ್ರ ಮಣ್ಣಿನಲ್ಲಿ ಉಳಿಯುವುದೂ ನಿಜ. “ನೀವು ಮಾಡಿದರೆ ಕೃಷಿ, ನಾವು ಮಾಡಿದರೆ ಮಾಲಿನ್ಯವೇ?” ಎಂದು ರೆಸಾರ್ಟಿನವರು ಕೇಳಿದರೆ ಉತ್ತರಿಸಲೇಬೇಕು. ಉತ್ತರ ಹೀಗಿದೆ: ರೈತ ತನ್ನ ತೋಟಕ್ಕೆ ಹಾಕಿದ್ದು ತನ್ನ ಬಾವಿಗೇ ಇಳಿಯುತ್ತದೆ. ತಪ್ಪು ಮಾಡಿದರೆ ಅವನ ಮನೆಯವರೇ ಉಣ್ಣುತ್ತಾರೆ. ಆ ಹೆದರಿಕೆಯೇ ತಿದ್ದಿಕೊಳ್ಳುವ ದಾರಿ. ಅತಿಥಿ ಭಾನುವಾರ ಸಂಜೆ ಕಾರು ಹತ್ತಿ ಹೋಗುತ್ತಾನೆ, ಬಂಡವಾಳ ಹೂಡಿದವನು ಇನ್ನೆಲ್ಲೋ ಇರುತ್ತಾನೆ. ಎರಡನೆಯದಾಗಿ, ಹಳ್ಳ ಬತ್ತಿದ ವರ್ಷ ರೈತ ಕುಡಿಯುವ ನೀರಿಗಾಗಿ ತೋಟವನ್ನು ಒಣಗಲು ಬಿಡುತ್ತಾನೆ. ಹಸಿರನ್ನೇ ಮಾರುವವನು ಹುಲ್ಲನ್ನು ಒಣಗಲು ಬಿಡಲಾರ. ಮೂರನೆಯದಾಗಿ, ಸೊಪ್ಪು ಹೊದಿಸಿ, ಹನಿ ನೀರಾವರಿ ಅಳವಡಿಸಿ ತೋಟದ ನೀರನ್ನು ಗಣನೀಯವಾಗಿ ಇಳಿಸಬಹುದು. ಮೂರು ಮಿಲಿಮೀಟರಿನ ಹುಲ್ಲಿಗೆ ಸೊಪ್ಪು ಹೊದಿಸುವುದು ಎಲ್ಲಿಂದ ಬಂತು?

ನೀರು ಕೆಳಕ್ಕೇ ಹರಿಯುತ್ತದೆ. ಶೃಂಗೇರಿಯ ಶಾರದಾ ದೇವಾಲಯದ ಸ್ನಾನಘಟ್ಟದಲ್ಲಿಯೂ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿಯೂ ಜನ ದೇವರ ಮೀನೆಂದು ಕಾದ ಮತ್ಸ್ಯಸಂಕುಲ ಬದುಕಿರುವುದು ಇದೇ ತುಂಗೆಯಲ್ಲಿ. ಶಿವಮೊಗ್ಗ ನಗರ ಕುಡಿಯುವುದು ಇದೇ ನೀರನ್ನು. ಬಾಳೆಹೊನ್ನೂರಿನ ಭದ್ರೆ ಇಳಿದು ಸೇರುವುದು ಭದ್ರಾ ಜಲಾಶಯವನ್ನು. ಗುಡ್ಡದ ನೆತ್ತಿಯಲ್ಲಿ ಸುರಿದ ವಿಷ ಕಣಿವೆಯ ಮನೆಗಳಿಗೆ ಹೇಗೆ ಇಳಿಯುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಕನ್ನಡ, ತುಳು ಕುಟುಂಬಗಳು ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನ ಫಲವನ್ನು ತಲೆಮಾರುಗಳಲ್ಲಿ ಅನುಭವಿಸಿವೆ. ಆ ವಿಷವನ್ನು ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರಲ್ಲಿ, ಹಾನಿ ಆದ ಮೇಲೆ.

ಮಾರುವವನ ಸಂಕಟ

ಇಷ್ಟೆಲ್ಲ ತಿಳಿದೂ ರೈತ ಏಕೆ ಭೂಮಿ ಮಾರುತ್ತಾನೆ? ಈ ಪ್ರಶ್ನೆಯನ್ನು ಪರಿಸರವಾದಿಗಳು ಹಲವು ಬಾರಿ ಕೇಳುವುದೇ ಇಲ್ಲ. ಕೇಳಿದರೂ ದುರಾಸೆ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಶೃಂಗೇರಿ, ಕೊಪ್ಪ, ಎನ್.ಆರ್. ಪುರ ತಾಲ್ಲೂಕುಗಳ ಅಡಿಕೆ ತೋಟಗಳು ದಶಕಗಳಿಂದ ಹಳದಿ ಎಲೆ ರೋಗದಿಂದ ಸೊರಗಿವೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಸಹಿಷ್ಣು ಮರಗಳನ್ನು ಗುರುತಿಸಿ ತಳಿ ಬೆಳೆಸುವ ಕೆಲಸ ಮರದ ವೇಗದಲ್ಲಿಯೇ ಸಾಗಬೇಕು. ಇತ್ತೀಚಿನ ವರ್ಷಗಳಲ್ಲಿ ಅದರ ಮೇಲೆ ಎಲೆಚುಕ್ಕೆ ರೋಗ ಎರಗಿದೆ. ಕಾಳುಮೆಣಸಿಗೆ ಸೊರಗುರೋಗ, ಗದ್ದೆಗೆ ಹಂದಿ, ತೋಟಕ್ಕೆ ಮಂಗ, ಕೆಲವೆಡೆ ಆನೆ. ಓದಿದ ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ಇಬ್ಬರು ವೃದ್ಧರು. ಇಂಥ ಮನೆಯ ಜಗುಲಿಗೆ ದಲ್ಲಾಳಿ ಬಂದು ಎಕರೆಗೆ ತೋಟ ಜೀವಮಾನದಲ್ಲಿ ಕೊಡದ ಮೊತ್ತವನ್ನು ಹೇಳಿದರೆ, ಬೇಡವೆನ್ನಲು ಹೇಳುವ ಅಧಿಕಾರ ಯಾರಿಗಿದೆ?

ಆದ್ದರಿಂದ ದೂರಬೇಕಾದುದು ಮಾರುವವನನ್ನಲ್ಲ. ಹಳದಿ ರೋಗದಿಂದ ತೋಟ ಕಳೆದುಕೊಂಡವನಿಗೆ ಪರ್ಯಾಯ ಬೆಳೆಗೆ ನೆರವನ್ನು ವರ್ಷಗಟ್ಟಲೆ ಕಡತದಲ್ಲಿ ಇಟ್ಟುಕೊಂಡು, ಹೂಡಿಕೆದಾರನಿಗೆ ಪ್ರವಾಸೋದ್ಯಮ ನೀತಿಯ ಹೆಸರಿನಲ್ಲಿ ಸಹಾಯಧನ, ರಿಯಾಯಿತಿಗಳನ್ನು ಘೋಷಿಸುವ ವ್ಯವಸ್ಥೆಯನ್ನು. ಒಂದೆರಡು ಗುಂಟೆ ಒತ್ತುವರಿಗಾಗಿ ಬಡವನ ಮನೆಗೆ ನೋಟಿಸು ಅಂಟಿಸುವ, ಫಾರಂ 50, 53, 57 ತುಂಬಿ ದಶಕಗಟ್ಟಲೆ ಕಾದವನಿಗೆ ಅರಣ್ಯ ಕಾಯ್ದೆಯ ನಾಲ್ಕನೇ ಸೆಕ್ಷನ್ನು ತೋರಿಸುವ ವ್ಯವಸ್ಥೆಯನ್ನು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಮಲೆಕುಡಿಯ, ಗೌಡಲು ಕುಟುಂಬಗಳು ಕಾಡಿಗೆ ಭಾರವೆಂದು ಹೇಳಿದ ನಾಲಿಗೆಯೇ ಕಾಡಿನ ಅಂಚಿನ ರೆಸಾರ್ಟನ್ನು ಪರಿಸರ ಪ್ರವಾಸೋದ್ಯಮವೆಂದು ಕರೆಯುತ್ತದೆ.

ಉದ್ಯೋಗದ ಮಾತೂ ಇದೆ. ಹುಲ್ಲು ಕತ್ತರಿಸುವ, ಕೋಣೆ ಗುಡಿಸುವ, ಬಾಗಿಲು ಕಾಯುವ ಕೆಲಸಗಳು ಒಂದಷ್ಟು ಸಿಗುತ್ತವೆ. ಆ ದುಡಿಮೆ ಕೀಳಲ್ಲ. ಆದರೆ ನಿನ್ನೆ ಭೂಮಿಯ ಒಡೆಯನಾಗಿದ್ದವನು ಇಂದು ಅದೇ ಭೂಮಿಯ ಗೇಟಿನಲ್ಲಿ ಸಮವಸ್ತ್ರ ತೊಟ್ಟು ಸಲಾಮು ಹೊಡೆಯುವುದನ್ನು ಅಭಿವೃದ್ಧಿಯ ಪಟ್ಟಿಗೆ ಸೇರಿಸಬಾರದು. ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟು, ಹಂಡೆಯ ಬಿಸಿನೀರು, ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ನಾಲ್ಕು ಕಾಸು ಸಂಪಾದಿಸುವ ರೈತಕುಟುಂಬದ ಹೋಂ ಸ್ಟೇಗೂ ಈ ಉದ್ಯಮಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಮೊದಲನೆಯದರಲ್ಲಿ ಭೂಮಿ ಕೈಬಿಡುವುದಿಲ್ಲ.

ಕಾನೂನಿನ ಜರಡಿ

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ನುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಕಾಫಿ, ಏಲಕ್ಕಿ, ರಬ್ಬರ್ ತೋಟಗಳಿಗೆ ಅದೇ ಕಾಯ್ದೆಯ 104ನೇ ಸೆಕ್ಷನ್ನಿನಿಂದಾಗಿ ಭೂಮಿತಿ ಮೊದಲಿನಿಂದಲೂ ಅನ್ವಯಿಸದು. ಹೀಗೆ ನೂರಾರು ಎಕರೆ ಒಂದೇ ಕೈಗೆ ಸೇರಲು ಅಡ್ಡಿ ಕಡಿಮೆ.

ಪರಿಸರ ಅನುಮತಿಯಾದರೂ ತಡೆಯುತ್ತದೆಯೇ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡದ ಅಳತೆ 20 ಸಾವಿರ ಚದರ ಮೀಟರ್ ಮುಟ್ಟಿದರೆ, ಅಥವಾ ಪ್ರದೇಶಾಭಿವೃದ್ಧಿ ಯೋಜನೆ 50 ಹೆಕ್ಟೇರ್ ಮುಟ್ಟಿದರೆ ಮಾತ್ರ ಪೂರ್ವಾನುಮತಿ ಬೇಕು. ಹುಲ್ಲುಹಾಸು ಕಟ್ಟಡವಲ್ಲ! ಒಂಬತ್ತು ಕುಳಿಗಳ ಮೈದಾನ, 49 ಹೆಕ್ಟೇರ್ ನೆಲ, 19 ಸಾವಿರ ಚದರ ಮೀಟರ್ ಕಟ್ಟಡ ಎಂದು ನಕ್ಷೆ ಬರೆದರೆ ಜರಡಿಯ ಕಣ್ಣಿನಿಂದ ಎಲ್ಲವೂ ಸೋರಿಹೋಗುತ್ತದೆ.

ಕಸ್ತೂರಿರಂಗನ್ ಸಮಿತಿಯ ವರದಿಯ ವಿಚಾರವನ್ನು ಇಲ್ಲಿ ಎತ್ತಲೇಬೇಕು. 2013ರ ಆ ವರದಿಯ ಪಟ್ಟಿಯಲ್ಲಿ ಕೊಪ್ಪದ 32, ನರಸಿಂಹರಾಜಪುರದ 35, ಶೃಂಗೇರಿಯ 26 ಗ್ರಾಮಗಳಿದ್ದವು. ವರದಿ ಜಾರಿಯಾದರೆ ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ಮನೆಗೆ ಹೆಂಚು ಬದಲಿಸುವಂತಿಲ್ಲ ಎಂದು ಊರೂರಲ್ಲಿ ಹೆದರಿಸಲಾಯಿತು. ಕೇಂದ್ರದ ಕರಡು ಅಧಿಸೂಚನೆಗಳು ಪೂರ್ತಿ ನಿಷೇಧಿಸಿದ್ದು ಗಣಿ, ಕಲ್ಲುಗಣಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಉದ್ದಿಮೆ, 20 ಸಾವಿರ ಚದರ ಮೀಟರಿಗೆ ಮಿಗಿಲಾದ ಹೊಸ ಕಟ್ಟಡ, 50 ಹೆಕ್ಟೇರಿನ ಬಡಾವಣೆ ಇಂಥವನ್ನು. ಇವುಗಳಲ್ಲಿ ಎರಡೆಕರೆ ತೋಟದವನು ಮಾಡುವ ಕೆಲಸ ಯಾವುದಿದೆ? ಇದ್ದ ಮನೆಯ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲವೆಂದು ಕರಡಿನಲ್ಲಿಯೇ ಬರೆದಿದೆ. ಆದರೂ ಬೀದಿಗಿಳಿದದ್ದು ಸಣ್ಣ ರೈತ, ಉಳಿದದ್ದು ದೊಡ್ಡವರ ದಾರಿ. ಹಳ್ಳಿಹಳ್ಳಿಗೆ ಹೋಗಿ ಕನ್ನಡದಲ್ಲಿ ವಿವರಿಸದ ಸರ್ಕಾರದ ಜೊತೆಗೆ ಪರಿಸರ ಚಳವಳಿಗಳಿಗೂ ಇದರಲ್ಲಿ ಪಾಲಿದೆ. ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಬೇಕೆಂದು 2011ರಲ್ಲಿಯೇ ಹೇಳಿದ್ದ ಮಾಧವ ಗಾಡ್ಗೀಳ್ ಸಮಿತಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತ ಮರುದಿನದ ತಾರೀಖಿನಲ್ಲಿ ಆರನೆಯ ಕರಡು ಬಂತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. 2018ರಲ್ಲಿ ಕೊಡಗು, 2019ರಲ್ಲಿ ಮೂಡಿಗೆರೆಯ ಮಲೆಮನೆ ಕುಸಿದುದನ್ನು ಕಂಡ ಜಿಲ್ಲೆಯಲ್ಲಿ, ಇಳಿಜಾರನ್ನು ಜೆಸಿಬಿಯಿಂದ ಕಡಿದು ಮೈದಾನ ಮಾಡುವ ಮಾತನ್ನು ಕೇಳಿ ಸುಮ್ಮನಿರುವುದು ಹೇಗೆ?

ಬೇಡವೆಂದವರು

ಈ ಲೆಕ್ಕ ಮಲೆನಾಡಿಗರದು ಮಾತ್ರವಲ್ಲ. ಜಪಾನ್, ಥಾಯ್ಲೆಂಡ್, ಮಲೇಷ್ಯಾಗಳ ಸಂಘಟನೆಗಳು ಸೇರಿ 1993ರ ಏಪ್ರಿಲ್ 29ರಂದು ಜಾಗತಿಕ ಗಾಲ್ಫ್ ವಿರೋಧಿ ಆಂದೋಲನವನ್ನು ಆರಂಭಿಸಿದವು. ಮೆಕ್ಸಿಕೋದ ಟೆಪೋಜ಼್ಟ್ಲಾನ್ ಎಂಬ ಗುಡ್ಡಗಾಡಿನ ಊರಿನಲ್ಲಿ 1995ರಲ್ಲಿ ಗಾಲ್ಫ್ ಮೈದಾನ ಮತ್ತು ಬಂಗಲೆಗಳ ಯೋಜನೆಗೆ ಸ್ಥಳೀಯ ಆಡಳಿತ ಒಪ್ಪಿಗೆ ಕೊಟ್ಟಾಗ ಜನ ನೀರಿನ ಪ್ರಶ್ನೆಯನ್ನು ಮುಂದಿಟ್ಟು ಎದ್ದುನಿಂತರು, ಪುರಸಭೆಯ ಆಡಳಿತವನ್ನೇ ಹೊರಗಟ್ಟಿದರು. 1996ರ ಏಪ್ರಿಲ್‌ನಲ್ಲಿ ಪ್ರತಿಭಟನೆಗೆ ಹೊರಟಿದ್ದ ಹಿರಿಯ ರೈತನೊಬ್ಬ ಪೊಲೀಸ್ ದಾಳಿಯಲ್ಲಿ ಪ್ರಾಣ ಕಳೆದುಕೊಂಡ. ಅದಾದ ಮೇಲೆ ಯೋಜನೆ ಕೈಬಿಡಬೇಕಾಯಿತು. ಈ ಜಿಲ್ಲೆಗೂ ಬೇಡವೆಂದು ಹೇಳಿ ಗೆದ್ದ ಅನುಭವವಿದೆ. ತುಂಗೆ ಭದ್ರೆಯರ ಮೂಲದ ಬುಡದಲ್ಲಿ ಅದಿರು ಅಗೆಯುತ್ತಿದ್ದ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು.

ಒಂದು ನೆನಪನ್ನು ನರಸಿಂಹರಾಜಪುರದವರು ಹೇಳಬಲ್ಲರು. ಎಡೇಹಳ್ಳಿಯೆಂದು ಹೆಸರಿದ್ದ ಆ ಸೀಮೆಯ ಫಲವತ್ತಾದ ಗದ್ದೆಬಯಲುಗಳು ಭದ್ರಾ ಹಿನ್ನೀರಿನಲ್ಲಿ ಮುಳುಗಿದವು. 71 ಟಿಎಂಸಿ ಅಡಿಗೂ ಮಿಗಿಲಾದ ಆ ನೀರು ದಾವಣಗೆರೆ, ಶಿವಮೊಗ್ಗ ಸೀಮೆಗಳಿಗೆ ಅನ್ನವಾಯಿತು. ಅದು ಅನ್ನಕ್ಕಾಗಿ ಕೊಟ್ಟ ನೆಲ. ಕೊಟ್ಟವರಿಗೆ ನ್ಯಾಯ ಸಿಕ್ಕಿತೇ ಎಂಬುದು ಬೇರೆ ಮಾತು. ಉಳಿದ ನೆಲವನ್ನು ಚೆಂಡಿಗಾಗಿ ಕೊಡಬೇಕೇ ಎಂಬುದು ಈಗಿನ ಪ್ರಶ್ನೆ.

ಆಗಬೇಕಾದ ಕೆಲಸ

ಮೊದಲನೆಯದಾಗಿ, ಪ್ರತಿ ಗ್ರಾಮಸಭೆ ತನ್ನ ಹಳ್ಳ, ಒರತೆ, ಕೆರೆಗಳ ಪಟ್ಟಿ ಮಾಡಿ, ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ ಹರಿವನ್ನು ಅಳೆದು ದಾಖಲಿಸಬೇಕು. ಒಂದು ಬಕೆಟ್, ಒಂದು ಗಡಿಯಾರ ಇದ್ದರೆ ಕಾಲೇಜಿನ ವಿದ್ಯಾರ್ಥಿಗಳು ಈ ಕೆಲಸ ಮಾಡಬಲ್ಲರು. ಅಳತೆಯಿಲ್ಲದ ನೀರಿಗೆ ಯಾವ ಕಚೇರಿಯಲ್ಲಿಯೂ ಬೆಲೆಯಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಗೆ ಅದನ್ನು ಸೇರಿಸಬೇಕು.

ಎರಡನೆಯದಾಗಿ, ಭೂಪರಿವರ್ತನೆಯ ಅರ್ಜಿಗಳ ವಿವರವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬೇಕು. ಅರ್ಜಿಯ ಶುಲ್ಕ ಹತ್ತು ರೂಪಾಯಿ, ಉತ್ತರದ ಗಡುವು ಮೂವತ್ತು ದಿನ. ಅಕ್ಕಪಕ್ಕದ ಸರ್ವೆ ನಂಬರುಗಳು ಬೇರೆ ಬೇರೆ ಹೆಸರಿನಲ್ಲಿ ಒಂದೇ ಕಾಲಕ್ಕೆ ಪರಿವರ್ತನೆಗೆ ಬಂದಿದ್ದರೆ ಅದರ ಅರ್ಥವನ್ನು ಊರು ಮುಂಚೆಯೇ ತಿಳಿಯಬೇಕು.

ಮೂರನೆಯದಾಗಿ, ಕಟ್ಟಡದ ಪರವಾನಗಿ ಕೇಳಿ ಬರುವ ಪ್ರತಿ ರೆಸಾರ್ಟಿನಿಂದ ಬೇಸಿಗೆಯ ನೀರಿನ ಮೂಲ, ದಿನದ ಬಳಕೆ, ಬಳಸುವ ಗೊಬ್ಬರ ಮತ್ತು ವಿಷಗಳ ಪಟ್ಟಿಯನ್ನು ಬರಹದಲ್ಲಿ ಪಡೆದು ಗ್ರಾಮಸಭೆಯಲ್ಲಿ ಓದಿಸಬೇಕು. ಕೊಡದವರಿಗೆ ಪರವಾನಗಿ ಕೊಡಬಾರದೆಂಬ ನಿರ್ಣಯ ಈಗಲೇ ಆಗಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಕಷ್ಟದ್ದು. ಹಳದಿ ರೋಗದ ತೋಟ ಹಿಡಿದು ಕುಳಿತ ನೆರೆಯವನಿಗೆ ಭೂಮಿ ಮಾರದೆ ಉಳಿಯುವ ದಾರಿಯನ್ನು ಊರೇ ತೋರಿಸಬೇಕು. ಕಾಫಿ, ಮೆಣಸು, ಜಾಯಿಕಾಯಿ, ಅಪ್ಪೆಮಿಡಿ, ಜೇನುಗಳ ಮಿಶ್ರ ಬೆಳೆಗೆ ಸಹಕಾರ ಸಂಘದಿಂದ ದೀರ್ಘಾವಧಿಯ ಸಾಲ, ಸಸಿ, ತಾಂತ್ರಿಕ ನೆರವು ಸಿಗುವಂತೆ ಒತ್ತಾಯಿಸಬೇಕು. ರೋಗಪೀಡಿತ ತೋಟಗಳ ಪುನಶ್ಚೇತನಕ್ಕೆ ಸರ್ಕಾರ ಹಣ ಕೊಡುವ ತನಕ ಪ್ರವಾಸೋದ್ಯಮದ ರಿಯಾಯಿತಿಗಳು ಮಲೆನಾಡಿನ ಪಾಲಿಗೆ ಅನ್ಯಾಯವೆಂದು ಪ್ರತಿ ಪಂಚಾಯಿತಿಯೂ ಬರೆದು ಕಳುಹಿಸಬೇಕು. ಇದಾಗದೆ ಬರಿಯ ವಿರೋಧದಿಂದ ನೆಲ ಉಳಿಯದು. ಬಡತನದ ಎದುರಿನಲ್ಲಿ ಘೋಷಣೆ ಹೆಚ್ಚು ದಿನ ನಿಲ್ಲಲಾರದು.

ಮುಂದಿನ ಸುತ್ತಿನ ಗ್ರಾಮಸಭೆಗಳಿಗೆ ನೀರಿನ ಲೆಕ್ಕವನ್ನು ಕೈಯಲ್ಲಿ ಹಿಡಿದೇ ಜನ ಹೋಗಬೇಕು. ಹಳ್ಳದ ಅಳತೆಯನ್ನು ಈ ಬೇಸಿಗೆಯಲ್ಲಿಯೇ ಆರಂಭಿಸಬೇಕು.